ಮಾಲೆಯಂಥ ಸಂಖ್ಯೆಯ ಒಳಗುಣ

ಮಾನ್ಯರೆ,

ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಈಚೆಗೆ 12345654321 ಎಂಬ ಸಂಖ್ಯೆಯನ್ನು ವಿಸ್ಮಯವೆಂದು ಅಚ್ಚುಮಾಡಿ, ಅದು 111111ರ ವರ್ಗವೆಂದೂ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಎಂದೂ ತಿಳಿಸಲಾಗಿತ್ತು. ಹೇಳಿದ್ದೆಲ್ಲ ಸರಿ. ಆದರೆ ವಿಷಯ ಅಲ್ಲಿಗೇ ನಿಂತದ್ದು ನನಗೆ ಕೊರತೆಯಾಗಿ ಕಂಡಿತು.

ಈ ಸಂಖ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯರು ಗುಣಾಕಾರದ ಲೆಕ್ಕಗಳ ನಡುವೆ 2,79,94,681ನ್ನು 441ರಿಂದ ಗುಣಿಸಿ ಇದನ್ನೇ ಪಡೆಯುತ್ತಾರೆ, ಇಂಥ ಉತ್ತರಗಳನ್ನು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ, 5291ನ್ನು 21ರಿಂದ ಗುಣಿಸಿದರೆ 111111. ಆ ಲೆಕ್ಕವನ್ನು ಬಿಡಿಸುವಾಗಲೆಲ್ಲ ನನಗೆ ಅವರ ಆಯ್ಕೆಯ ಬಗ್ಗೆ ಗೌರವ ಹೆಚ್ಚುತ್ತದೆ.

ಆದರೂ ಹಾರದ ರೂಪ ಬರವಣಿಗೆಗೆ ಸೇರಿದ್ದು, ಸಂಖ್ಯೆಗಲ್ಲ. ಇದೇ ಅಂಕಿಗಳ ಸಾಲನ್ನು ಹತ್ತರ ಬದಲು ಏಳರ ಆಧಾರದಲ್ಲಿ, ಅಂದರೆ ಸ್ಥಾನಬೆಲೆ ಎಡಕ್ಕೆ ಹೋದಂತೆ ಏಳೇಳು ಪಟ್ಟು ಏರುವಂತೆ, ಓದಿದರೆ ಸಿಗುವುದು 38,44,73,664 ಎಂಬ ಬೇರೆಯದೇ ಸಂಖ್ಯೆ, ಅದೂ ಸಮಸಂಖ್ಯೆ. ಯಾವ ಆಧಾರದಲ್ಲಿ ಬರೆದರೂ ಬದಲಾಗದ ಗುಣ ಬೇಕೆಂದರೆ ಅಪವರ್ತನಗಳಿಗೇ ಹೋಗಬೇಕು, ಮತ್ತು ಆ ದಾರಿ ಎಂಟನೇ ತರಗತಿಯ ಮಕ್ಕಳಿಗೂ ಕಷ್ಟದ್ದಲ್ಲ. 111111 ಎಂದರೆ 111 ಮತ್ತು 1001ರ ಗುಣಲಬ್ಧ. 111ರಲ್ಲಿ 3 ಮತ್ತು 37, 1001ರಲ್ಲಿ 7, 11 ಮತ್ತು 13 ಅಡಗಿವೆ. ಹೀಗಾಗಿ ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುತ್ತವೆ. ಒಂದು ಭಾಜಕವನ್ನು ಕಟ್ಟುವಾಗ ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಆದ್ದರಿಂದ ಒಟ್ಟು ಭಾಜಕಗಳು ಮೂರರ ಐದನೇ ಘಾತ, ಅಂದರೆ 243.

ಇನ್ನು ಈ ಸಂಖ್ಯೆಯನ್ನು ಮಾತ್ರ ಬಿಟ್ಟು ಉಳಿದ 242 ಭಾಜಕಗಳನ್ನು ಕೂಡಿದರೆ 1302,98,70,672 ಬರುತ್ತದೆ. ಇದು ಮೂಲಸಂಖ್ಯೆಯಾದ 1234,56,54,321ಕ್ಕಿಂತ ದೊಡ್ಡದು. ಹೀಗೆ ಭಾಜಕಗಳ ಮೊತ್ತ ತನ್ನನ್ನು ಮೀರುವ ಸಂಖ್ಯೆಯನ್ನು ಸಮೃದ್ಧ ಸಂಖ್ಯೆ ಎನ್ನುತ್ತಾರೆ. ಸಮಸಂಖ್ಯೆಗಳಲ್ಲಿ 12, 18, 20 ಎಂದು ಇವು ಬೇಗನೆ ಸಿಗುತ್ತವೆ. ಬೆಸಸಂಖ್ಯೆಗಳಲ್ಲಿ ಮೊದಲನೆಯದು ಸಿಗಲು 945ರವರೆಗೆ ಕಾಯಬೇಕು. ನಮ್ಮದು ಬೆಸಸಂಖ್ಯೆ, ಪೂರ್ಣವರ್ಗ, ಜೊತೆಗೆ ಸಮೃದ್ಧ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು 37ರ ಪಾತ್ರ. ಅದನ್ನು ಬಿಟ್ಟು ಉಳಿದ ನಾಲ್ಕು ಅವಿಭಾಜ್ಯಗಳಿಂದ 3003ರ ವರ್ಗವಾದ 90,18,009ನ್ನು ಕಟ್ಟಿದರೆ, ಅದನ್ನು ಬಿಟ್ಟು ಅದರ ಉಳಿದ ಭಾಜಕಗಳ ಮೊತ್ತ 90,17,190 ಆಗಿ, ಬರೀ 819ರಿಂದ ಹಿಂದೆ ಬಿದ್ದು, ಅದು ನ್ಯೂನ ಸಂಖ್ಯೆಯಾಗಿಯೇ ಉಳಿಯುತ್ತದೆ. 37 ಬಂದು ಸೇರಿದ ಮೇಲಷ್ಟೇ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಭಾಜಕಗಳ ಮೊತ್ತ ತನಗೇ ಸಮನಾಗುವ 6, 28, 496ರಂಥ ಪರಿಪೂರ್ಣ ಸಂಖ್ಯೆಗಳಲ್ಲಿ ಬೆಸಸಂಖ್ಯೆ ಒಂದಾದರೂ ಇದೆಯೇ ಎಂಬುದು ಇಂದಿಗೂ ಯಾರೂ ಬಿಡಿಸದ ಪ್ರಶ್ನೆ. ಅಂಥ ಬೆಸಸಂಖ್ಯೆಯ ಇಷ್ಟು ಸಮೀಪಕ್ಕೆ ಕೈಲೆಕ್ಕದಲ್ಲೇ ಹೋಗಿ ಬರಬಹುದೆಂಬುದನ್ನು ಮಕ್ಕಳು ತಿಳಿಯಬೇಡವೇ?

ಆದ್ದರಿಂದ ಮುಂದೆ ಇಂಥ ಸಂಖ್ಯೆಯನ್ನು ಪ್ರಕಟಿಸುವಾಗ ಅದರ ಅವಿಭಾಜ್ಯ ಅಪವರ್ತನಗಳನ್ನು ಒಂದು ಸಾಲಿನಲ್ಲಾದರೂ ಕೊಟ್ಟು, ಭಾಜಕಗಳನ್ನು ಎಣಿಸುವ ಕೆಲಸವನ್ನು ಓದುವ ಮಕ್ಕಳಿಗೆ ಬಿಡಬೇಕೆಂದು ಕೋರುತ್ತೇನೆ.

– ನಿವೃತ್ತ ಗಣಿತ ಶಿಕ್ಷಕ, ಕಲಬುರಗಿ