ಒಂದೇ ಧಾಟಿ, ಎರಡು ದನಿ

ಪ್ರೀತಿಯ ಪುಟ್ಟಿ,

ಎರಡು ವರ್ಷದಿಂದ ಇನ್ನೊಬ್ಬರ ಟ್ಯೂನಿಗೆ ನೊಟೇಶನ್ ಬರೆದಿದ್ದೇ ಆಯ್ತು, ನನ್ನ ಹೆಸರು ಎಲ್ಲೂ ಬರಲ್ಲ ಅಂತ ನಿನ್ನೆ ಫೋನಿನಲ್ಲಿ ಅತ್ತೆಯಲ್ಲ, ಆಗ ನನಗೇನೂ ತೋಚಲಿಲ್ಲ. ಫೋನಿಟ್ಟ ಮೇಲೆ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ನೆನಪಾದರು. ಅದಕ್ಕೇ ಈ ಕಾಗದ.

ಅವರು ಸಂಗೀತ ಕೊಟ್ಟ ಸಿನಿಮಾ 'ಕಸ್ತೂರಿ ನಿವಾಸ' 1971ರದು. ಅದರಲ್ಲಿ ಗೊಂಬೆಯ ಹಾಡು ಎರಡು ಸಲ ಬರುತ್ತೆ. ಮೊದಲ ಸಲ ಪಿ.ಬಿ. ಶ್ರೀನಿವಾಸ್, ಬೆಣ್ಣೆಯ ಹಾಗೆ. ದುಃಖದ ಹೊತ್ತಿನಲ್ಲಿ ಬರೋದನ್ನ ಹಾಡಿದ್ದು ಮಾತ್ರ ವೆಂಕಟೇಶ್ ಅವರೇ. ನಯವಾದ ದನಿಯಲ್ಲ, ಎದೆಯಿಂದ ಎಳೆದು ತೆಗೆದ ಹಾಗಿದೆ. ಶ್ರೀನಿವಾಸ್ ಹಾಡಿದ್ದರೂ ಚೆನ್ನಾಗೇ ಇರ್ತಿತ್ತು, ಆದರೆ ಆ ಅಳು ಸ್ವಲ್ಪ ಸಿಹಿಯಾಗಿಬಿಡ್ತಿತ್ತು ಅಂತ ನನಗನಿಸುತ್ತೆ.

ಯಾವ ಹಾಡು ಯಾರ ಗಂಟಲಿಂದ ಬರಬೇಕು ಅನ್ನೋದು ವೆಂಕಟೇಶ್ ಅವರಿಗೆ ಗೊತ್ತಿತ್ತು ಕಣೇ. ರಾಜ್‌ಕುಮಾರ್ ಹಾಡು ಅಂದ್ರೆ ಶ್ರೀನಿವಾಸ್ ದನಿ ಅಂತ ಊರೆಲ್ಲ ಒಪ್ಪಿಕೊಂಡಿದ್ದ ಕಾಲದಲ್ಲಿ, 1974ರ 'ಸಂಪತ್ತಿಗೆ ಸವಾಲ್'ನ ಎಮ್ಮೆ ಹಾಡನ್ನ ರಾಜ್‌ಕುಮಾರ್ ಕೈಲೇ ಹಾಡಿಸಿದರು. 1977ರಲ್ಲಿ 'ಸನಾದಿ ಅಪ್ಪಣ್ಣ'ಕ್ಕೆ ಬಿಸ್ಮಿಲ್ಲಾ ಖಾನ್ ಶಹನಾಯಿ. ಅದರ ಪಕ್ಕದಲ್ಲಿ ಎಸ್. ಜಾನಕಿ ದನಿ ಹೇಗೆ ನಿಂತಿದೆ, ಹೆಡ್‌ಫೋನ್ ಹಾಕ್ಕೊಂಡು ಕೇಳು.

ಇನ್ನು ಸಹಾಯಕರ ಮಾತು. ವೆಂಕಟೇಶ್ ಹತ್ತಿರ ದುಡಿದವರಲ್ಲಿ ಇಳಯರಾಜ ಒಬ್ಬರು. 1976ರಲ್ಲಿ ತಮಿಳಿನ 'ಅನ್ನಕ್ಕಿಳಿ' ಸಿನಿಮಾ ಬಂದ ಮೇಲೇ ಅವರ ಹೆಸರು ಜನರ ಬಾಯಿಗೆ ಬಂದಿದ್ದು. ಆಗ ಮದ್ರಾಸಿನ ಸ್ಟುಡಿಯೋಗಳಲ್ಲಿ ಹಾಡುವವರು, ನುಡಿಸುವವರು ಎಲ್ಲ ಒಟ್ಟಿಗೇ ಕೂತು ರೆಕಾರ್ಡಿಂಗ್ ಮಾಡೋರು. ಒಂದು ಪಿಟೀಲು ಎಡವಿದರೂ ಮತ್ತೆ ಮೊದಲಿಂದ. ಅಂಥಲ್ಲಿ ನೊಟೇಶನ್ ಹಾಳೆ ತಪ್ಪಿಲ್ಲದೆ ಇರೋದು ಸಣ್ಣ ಕೆಲಸವಾ? ನೀನೂ ಇಳಯರಾಜ ಆಗ್ತೀಯ ಅಂತ ಹೇಳ್ತಿಲ್ಲ, ಅಮ್ಮಂದಿರು ಸುಳ್ಳು ಹೇಳೋದೂ ಸಾಕು. ನೀನು ಬರೆಯೋ ಹಾಳೆಯನ್ನ ಕೀಳು ಅನ್ನಬೇಡ, ಅಷ್ಟೇ.

ಆದರೆ ನಿನ್ನದೇ ಟ್ಯೂನನ್ನ ಹೆಸರಿಲ್ಲದೆ ಬಳಸಿಕೊಂಡಿದ್ದರೆ ಅದು ಬೇರೆ ವಿಷಯ. ಬಾಯಿಬಿಟ್ಟು ಕೇಳು. ಸುಮ್ಮನಿರೋದನ್ನ ನಾನು ನಿನಗೆ ಕಲಿಸಿಲ್ಲ.

ಭಾನುವಾರ ಬಂದಾಗ ಆ ಎರಡು ಗೊಂಬೆ ಹಾಡನ್ನೂ ಒಟ್ಟಿಗೆ ಕೇಳೋಣ. ಎರಡನೆಯದನ್ನ ನೀನು ಹಾರ್ಮೋನಿಯಂನಲ್ಲಿ ನುಡಿಸಬೇಕು. ಒಂದು ಕಪ್ಪು ಮನೆ ಒತ್ತಿದರೆ ಇನ್ನೂ ಹಾಗೇ ಕೂತುಬಿಡುತ್ತೆ, ಬೆರಳಲ್ಲಿ ಎತ್ತಿಕೊಂಡೇ ನುಡಿಸು.

ನಿನ್ನ
ಅಮ್ಮ