ಡಾಲಿ ಕುರಿ, ಬೀಥೋವನ್ ಕೂದಲು ಮತ್ತು ನಿನ್ನ ಮಗಳ ವೀಣೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ವಾಟ್ಸಾಪಲ್ಲಿ ಕಳಿಸಿದ ಮಗಳ ರಿಪೋರ್ಟ್ ಪೂರ್ತಿ ಓದ್ದೆ. ಎಂಜಲಿನ ಸ್ಯಾಂಪಲ್ ತಗೊಂಡು ಡಿಎನ್‌ಎ ನೋಡಿ "ಸಂಗೀತದ ಸಹಜ ಒಲವು: ಕಡಿಮೆ" ಅಂತ ಕೆಂಪು ಬಣ್ಣದಲ್ಲಿ ಬರೆದುಕೊಟ್ಟಿದಾರೆ, ಮನೇಲಿ ಎಲ್ರೂ ವೀಣೆ ಕ್ಲಾಸ್ ಬಿಡಿಸೋಣ್ವಾ ಅಂತ ಮಾತಾಡ್ತಿದೀರಿ. ಬಿಡಿಸ್ಬೇಡ ಮಾರಾಯ. ಉತ್ತರ ಇಷ್ಟೇ, ಆದ್ರೆ ಯಾಕೆ ಅನ್ನೋದು ಫೋನಲ್ಲಿ ಮುಗಿಯೋ ಮಾತಲ್ಲ, ಅದಕ್ಕೇ ಈ ಪತ್ರ. ಬೇರೆ ಅಪ್ಪ ಅಮ್ಮಂದಿರಿಗೂ ಉಪಯೋಗ ಆಗ್ಲಿ ಅಂತ ನಿನ್ನ ಕೇಳ್ಕೊಂಡೇ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದೀನಿ.

ಆ ರಿಪೋರ್ಟ್ ಓದೋವಾಗ ನಂಗೆ ತಕ್ಷಣ ನೆನಪಾಗಿದ್ದು ಒಂದು ಆಪೆರಾ, ಅಂದ್ರೆ ಹಾಡಿನಲ್ಲೇ ನಡೆಯೋ ಪಾಶ್ಚಾತ್ಯ ನಾಟಕ. ಆಪೆರಾ ಅಂದ್ರೆ ದೊಡ್ಡ ಗೌನ್ ಹಾಕ್ಕೊಂಡು ಸಾಯೋ ಮೊದಲು ಹತ್ತು ನಿಮಿಷ ಹಾಡೋದು ಅಂದ್ಕೋಬೇಡ, ಇದು ಹಾಗಿಲ್ಲ. ಅಮೆರಿಕದ ಸ್ಟೀವ್ ರೈಶ್ ಸಂಗೀತ, ಅವರ ಹೆಂಡತಿ ಬೆರಿಲ್ ಕೊರೊಟ್ ವಿಡಿಯೋ, ಹೆಸರು 'ಥ್ರೀ ಟೇಲ್ಸ್', 2002ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಆಯ್ತು. ಸ್ಟೇಜ್ ಮೇಲೆ ಒಂದು ದೊಡ್ಡ ಸ್ಕ್ರೀನ್, ಕೆಲವೇ ಗಾಯಕರು, ನಾಲ್ಕು ತಂತಿವಾದ್ಯ, ಪಿಯಾನೋ, ತಾಳವಾದ್ಯ. ಒಟ್ಟು ಒಂದು ಗಂಟೆ ಆಗ್ಬಹುದು. ಮೊದಲ ಕಥೆ 1937ರಲ್ಲಿ ಸುಟ್ಟುಹೋದ ಹಿಂಡೆನ್‌ಬರ್ಗ್ ಅನ್ನೋ ಗಾಳಿಹಡಗು, ಎರಡನೇದು 1946ರಲ್ಲಿ ಬಿಕಿನಿ ದ್ವೀಪದಲ್ಲಿ ನಡೆದ ಅಣುಬಾಂಬ್ ಪರೀಕ್ಷೆ, ಮೂರನೇದು ಡಾಲಿ. ಹೌದು, ಅದೇ ಕ್ಲೋನ್ ಕುರಿ, ಅಂದ್ರೆ ಇನ್ನೊಂದು ಕುರಿಯ ಜೀನುಗಳನ್ನೇ ಇಟ್ಕೊಂಡು ಹುಟ್ಟಿಸಿದ ಕುರಿ. ನಾನು ಹೇಳ್ಬೇಕಾಗಿರೋದು ಬರೀ ಈ ಮೂರನೇ ಕಥೆ ಬಗ್ಗೆ.

ಡಾಲಿ ವಿಷಯ ನಿಂಗೆ ಗೊತ್ತಿರೋದೇ ಆದ್ರೂ ಒಂದ್ಸಲ ನೆನಪು ಮಾಡ್ತೀನಿ. 1996ರ ಜುಲೈ 5ಕ್ಕೆ ಎಡಿನ್‌ಬರೋ ಹತ್ತಿರದ ರೋಸ್ಲಿನ್ ಇನ್‌ಸ್ಟಿಟ್ಯೂಟಲ್ಲಿ ಹುಟ್ಟಿತು. ಆರು ವರ್ಷದ ಒಂದು ಹೆಣ್ಣು ಕುರಿಯ ಕೆಚ್ಚಲಿನ ಜೀವಕೋಶ ತಗೊಂಡು, ನ್ಯೂಕ್ಲಿಯಸ್ (ಡಿಎನ್‌ಎ ಇರೋ ಭಾಗ) ತೆಗೆದುಹಾಕಿದ ಇನ್ನೊಂದು ಕುರಿಯ ಅಂಡದ ಜೊತೆ ಸೇರಿಸಿ, ಮೂರನೇ ಕುರಿಯ ಹೊಟ್ಟೇಲಿ ಬೆಳೆಸಿದ್ದು. 277 ಅಂಡಗಳಲ್ಲಿ ಪ್ರಯತ್ನ ಮಾಡಿದ್ರು, 29 ಭ್ರೂಣ ಆಯ್ತು, ಬದುಕಿ ಬಂದಿದ್ದು ಒಂದೇ ಒಂದು ಮರಿ. ನಂಗೆ ಇದು ಈಗ್ಲೂ ಮೈ ಜುಮ್ ಅನ್ನಿಸೋ ಕೆಲಸ, ಇದನ್ನ ಮಾಡಿದ ವಿಜ್ಞಾನಿಗಳು ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಅವರ ತಾಳ್ಮೆಗೆ ಕೈ ಮುಗೀಬೇಕು. ಆದ್ರೆ 1997ರಲ್ಲಿ ಸುದ್ದಿ ಹೊರಗೆ ಬಂದ ಮೇಲೆ ಜನ ಮಾತಾಡಿದ್ದು ಬೇರೆನೇ, ಇನ್ನೇನು ಮನುಷ್ಯರನ್ನ ಕಾಪಿ ಮಾಡ್ತಾರೆ, ಐನ್‌ಸ್ಟೈನ್ ವಾಪಸ್ ಬರ್ತಾನೆ, ಸಾವೇ ಇರಲ್ಲ ಅಂತ. ಆಪೆರಾ ಬಂದ ವರ್ಷದ ಕೊನೇಲೇ, 2002ರ ಡಿಸೆಂಬರಲ್ಲಿ, ಮನುಷ್ಯರನ್ನ ಸೃಷ್ಟಿಸಿದ್ದು ಬೇರೆ ಗ್ರಹದವರು ಅಂತ ನಂಬೋ ರೇಲಿಯನ್ ಪಂಥಕ್ಕೆ ಸೇರಿದ ಕ್ಲೋನೇಡ್ ಅನ್ನೋ ಕಂಪನಿಯವರು ಮಾನವ ಕ್ಲೋನ್ ಮಗು ಹುಟ್ಟಿದೆ ಅಂತ ಪ್ರೆಸ್ ಮೀಟ್ ಮಾಡಿದ್ರು. ಪ್ರಪಂಚದ ಟಿವಿಗಳೆಲ್ಲಾ ಓಡಿ ಹೋದ್ವು. ಮಗೂನೂ ತೋರಿಸ್ಲಿಲ್ಲ, ಡಿಎನ್‌ಎ ಪುರಾವೆನೂ ಕೊಡ್ಲಿಲ್ಲ. ನಿಜವಾದ ವಿಜ್ಞಾನಕ್ಕೆ ಅಂಟ್ಕೊಂಡೇ ಹುಸಿವಿಜ್ಞಾನ ಬೆಳೆಯತ್ತೆ, ಅದರದ್ದೇ ಪದಗಳನ್ನ ಇಟ್ಕೊಂಡು.

ಈಗ ಆಪೆರಾ ಹೇಗಿದೆ ಅಂತ ಕೇಳು. ಮೂರನೇ ಅಂಕದಲ್ಲಿ ಸ್ಕ್ರೀನ್ ತುಂಬಾ ಮುಖಗಳು: ಡಿಎನ್‌ಎ ವಿಜ್ಞಾನಿ ಜೇಮ್ಸ್ ವಾಟ್ಸನ್, ಜೀವವಿಕಾಸದ ಬಗ್ಗೆ ಬರೆದ ರಿಚರ್ಡ್ ಡಾಕಿನ್ಸ್, ಸ್ಟೀಫನ್ ಜೇ ಗೂಲ್ಡ್, ಕೃತಕ ಬುದ್ಧಿಮತ್ತೆಯ ರೇ ಕರ್ಜ್‌ವೈಲ್, ಮಾರ್ವಿನ್ ಮಿನ್‌ಸ್ಕಿ, ಯಹೂದಿ ಗುರು ಆಡಿನ್ ಸ್ಟೈನ್‌ಸಾಲ್ಟ್ಜ್. ಎಲ್ಲಾ ನಿಜವಾದ ಇಂಟರ್‌ವ್ಯೂಗಳು, ನಟನೆ ಇಲ್ಲ. ಅವರ ಮಾತಿನ ಏರಿಳಿತದಲ್ಲೇ ರೈಶ್ ಸ್ವರ ಹುಡುಕ್ತಾರೆ. ಒಬ್ರು ಮಾತು ಮುಗಿಸ್ತಿರೋ ಹಾಗೇ ಕೊನೆಯ ಅಕ್ಷರದ "ಈ..." ಅಥವಾ "ಆ..." ಅಲ್ಲೇ ಹೆಪ್ಪುಗಟ್ಟಿ ನಿಂತುಬಿಡತ್ತೆ, ಮುಂದಿನವರು ಮಾತು ಶುರು ಮಾಡಿದ್ರೂ ಹಿಂದೆ ಅದು ಶ್ರುತಿ ಹಿಡಿದ ಹಾಗೆ ಇದ್ದೇ ಇರತ್ತೆ. ಹಾಗಾಗಿ ಯಾರ ಮಾತೂ ಪೂರ್ತಿ ಮುಗಿಯಲ್ಲ, ಒಬ್ಬರ ನಂಬಿಕೆ ಮೇಲೆ ಇನ್ನೊಬ್ಬರ ವಾದ ಕೂತ್ಕೊಳ್ಳತ್ತೆ. ರೈಶ್ ಹಿಂದಿನ ಕೃತಿಗಳಲ್ಲಿ ಜನರ ಮಾತಿನ ವೇಗಕ್ಕೆ ಸಂಗೀತನೇ ಬಗ್ತಿತ್ತು, ಇಲ್ಲಿ ಉಲ್ಟಾ. ತಾಳ ಮೊದಲೇ ಫಿಕ್ಸ್, ಮನುಷ್ಯರ ಧ್ವನಿಗಳನ್ನ ಎಳೆದು, ಕತ್ತರಿಸಿ ಅದಕ್ಕೆ ಹೊಂದಿಸಿದಾರೆ. ಕೇಳ್ತಾ ಕೇಳ್ತಾ ಮೈಗೆ ತಟ್ಟತ್ತೆ ಇದು.

ಡಾಕಿನ್ಸ್ ಹೇಳ್ತಾರೆ, ನಾವು, ಉಳಿದೆಲ್ಲಾ ಪ್ರಾಣಿಗಳು, ನಮ್ಮ ಜೀನುಗಳು ಸೃಷ್ಟಿ ಮಾಡಿದ ಮಷೀನುಗಳು ಅಂತ. ಆ "ಮಷೀನ್ಸ್" ಪದ ಮತ್ತೆ ಮತ್ತೆ, ಮತ್ತೆ ಮತ್ತೆ. ನಮ್ಮ ಸಂಗೀತ ಕಛೇರಿಗಳಲ್ಲಿ ನೆರವಲ್ ಮಾಡೋವಾಗ ಒಂದೇ ಸಾಲನ್ನ ಹತ್ತು ಸಲ ಹಾಡಿದ್ರೂ ಪ್ರತಿ ಸಲ ಆ ಸಾಲು ಒಂದಿಷ್ಟು ತೆರ್ಕೊಳ್ಳತ್ತಲ್ವಾ, ಇಲ್ಲಿ ಪ್ರತಿ ಸಲ ಪದ ಮುಚ್ಕೊಳ್ಳತ್ತೆ. ಮೊದಲ ಸಲ ಕೇಳಿದಾಗ ಅದೊಂದು ವಿಚಾರ, ಆಮೇಲಾಮೇಲೆ ಬರೀ ಒಂದು ಆತ್ಮವಿಶ್ವಾಸದ ದನಿ. ನನ್ನ ಮಟ್ಟಿಗೆ ಈ ಆಪೆರಾದ ದೊಡ್ಡ ಸಾಧನೆ ಇದೇ ಕಣೋ, ವಾದ ಎಲ್ಲಿ ಮುಗೀತು, ಬರೀ ಖಚಿತತೆ ಎಲ್ಲಿ ಶುರುವಾಯ್ತು ಅನ್ನೋದನ್ನ ಕಿವಿಗೆ ಕೇಳಿಸತ್ತೆ. ನಿನ್ನ ಮಗಳ ರಿಪೋರ್ಟಲ್ಲೂ ಅದೇ ದನಿ ಇದೆ, ಜೀನ್ ಅನ್ನೋದು ನಿಜ, ಪ್ರಯೋಗಾಲಯನೂ ನಿಜ ಇರ್ಬಹುದು, ಆದ್ರೆ ಅಲ್ಲಿಂದ "ಒಲವು ಕಡಿಮೆ" ಅನ್ನೋ ಜಾಗಕ್ಕೆ ಹಾರಿದ ಹಾರಾಟ ಇದೆಯಲ್ಲ ಅದಕ್ಕೆ ಆಧಾರ ಇಲ್ಲ.

ಈ ಹಾರಾಟ ಹೊಸದೂ ಅಲ್ಲ. 1919ರಲ್ಲಿ ಅಮೆರಿಕದ ಅಯೋವಾದಲ್ಲಿ ಕಾರ್ಲ್ ಸೀಶೋರ್ ಅನ್ನೋ ಮನಶ್ಶಾಸ್ತ್ರಜ್ಞ ಗ್ರಾಮಫೋನ್ ಪ್ಲೇಟಲ್ಲಿ ಸಂಗೀತ ಪ್ರತಿಭೆ ಅಳೆಯೋ ಪರೀಕ್ಷೆ ತಂದ್ರು. ಎರಡು ಸ್ವರ ಕೇಳಿಸ್ತಾರೆ, ಎರಡನೇದು ಮೇಲಿತ್ತಾ ಕೆಳಗಿತ್ತಾ ಬರಿ. ಯಾವುದು ಜೋರಾಗಿತ್ತು ಬರಿ. ಇಂಥವೇ ಇನ್ನೂ ಕೆಲವು. ಹಾಡು ಇಲ್ಲ, ರಾಗ ಇಲ್ಲ, ಮಗು ಏನನ್ನ ಇಷ್ಟಪಟ್ಟು ಕೇಳತ್ತೆ ಅನ್ನೋದು ಲೆಕ್ಕಕ್ಕೇ ಇಲ್ಲ. ಈ ಶಕ್ತಿಗಳು ಹುಟ್ಟಿನಿಂದ ಬರೋದು, ಅಭ್ಯಾಸದಿಂದ ಹೆಚ್ಚು ಬದಲಾಗಲ್ಲ ಅಂತ ಅವರ ನಂಬಿಕೆ. ಅವರ ಶಿಷ್ಯೆ ಹೇಜಲ್ ಸ್ಟ್ಯಾಂಟನ್ ಇದೇ ಪರೀಕ್ಷೆ ಇಟ್ಕೊಂಡು ಸಂಗೀತಗಾರರ ಕುಟುಂಬಗಳಲ್ಲಿ ಪ್ರತಿಭೆ ಹೇಗೆ ಇಳಿದು ಬರತ್ತೆ ಅಂತ 1922ರಲ್ಲಿ ಅಧ್ಯಯನ ಪ್ರಕಟಿಸಿದ್ರು, ಆಮೇಲೆ ರೋಚೆಸ್ಟರಿನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ವಿದ್ಯಾರ್ಥಿಗಳನ್ನ "ಸೇಫ್"ನಿಂದ "ಡಿಸ್ಕರೇಜ್ಡ್"ವರೆಗೆ ಐದು ಗುಂಪು ಮಾಡಿದ್ರು. ಒಂದು ಮಗುವಿನ ಹೆಸರಿನ ಮುಂದೆ "ಡಿಸ್ಕರೇಜ್ಡ್" ಅಂತ ಬರೆದಿರೋ ಕಾಗದ, ಯೋಚನೆ ಮಾಡು. ನಿನ್ನ ರಿಪೋರ್ಟಿನ ಕೆಂಪು ಬಣ್ಣಕ್ಕೂ ಅದಕ್ಕೂ ಏನು ವ್ಯತ್ಯಾಸ?

ಅದು ಯೂಜೆನಿಕ್ಸ್ ಕಾಲ ಬೇರೆ, ಒಳ್ಳೆ ತಳಿ ಕೆಟ್ಟ ತಳಿ ಅಂತ ಮನುಷ್ಯರನ್ನ ವಿಂಗಡಿಸೋದನ್ನೇ ವಿಜ್ಞಾನ ಅಂತಿದ್ರು, 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಬಲವಂತದ ಸಂತಾನಹರಣಕ್ಕೆ ಒಪ್ಪಿಗೆ ಕೊಡ್ತು. ಅದಕ್ಕೆ ಬೇಕಾದ ವಂಶಾವಳಿ ದಾಖಲೆಗಳನ್ನ ಒಟ್ಟು ಮಾಡಿದ ದೊಡ್ಡ ಕಚೇರಿ 1910ರಿಂದ 1939ರವರೆಗೆ ಇದ್ದಿದ್ದು ಕೋಲ್ಡ್ ಸ್ಪ್ರಿಂಗ್ ಹಾರ್ಬರಲ್ಲಿ. ಮುಂದೆ 1968ರಿಂದ ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರಾದವರು ಇದೇ ಆಪೆರಾದಲ್ಲಿ ಮಾತಾಡೋ ವಾಟ್ಸನ್. ಅವರು ಕಪ್ಪು ಜನರ ಬುದ್ಧಿಮತ್ತೆ ಬಗ್ಗೆ ಆಧಾರ ಇಲ್ಲದ ಮಾತಾಡಿ, ಕೊನೆಗೆ 2019ರಲ್ಲಿ ಆ ಸಂಸ್ಥೆನೇ ಅವರಿಗೆ ಕೊಟ್ಟಿದ್ದ ಗೌರವಗಳನ್ನ ವಾಪಸ್ ತಗೊಳ್ತು. ಡಿಎನ್‌ಎ ರಚನೆ ಕಂಡುಹಿಡಿದ ನೊಬೆಲ್ ವಿಜ್ಞಾನಿ ಬಾಯಲ್ಲೂ ಹುಸಿವಿಜ್ಞಾನ ಬರ್ಬಹುದು. ಈ ಮಾತು ಬರೆಯೋವಾಗ ನಂಗೆ ನಿಜವಾಗ್ಲೂ ಬೇಜಾರಾಗತ್ತೆ.

ಹಾಗಂತ ಸಂಗೀತಕ್ಕೂ ಜೀನಿಗೂ ಸಂಬಂಧನೇ ಇಲ್ಲ ಅಂತ ನಾನು ಹೇಳಲ್ಲ, ಅದೂ ಸುಳ್ಳಾಗತ್ತೆ. 2022ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು, 6 ಲಕ್ಷಕ್ಕೂ ಹೆಚ್ಚು ಜನರನ್ನ "ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟೋಕೆ ಬರತ್ತಾ" ಅಂತ ಕೇಳಿ ಅವರ ಡಿಎನ್‌ಎ ಜೊತೆ ಹೋಲಿಸಿದಾಗ ಜೀನೋಮಿನ (ಅಂದ್ರೆ ಒಬ್ಬರ ಪೂರ್ತಿ ಡಿಎನ್‌ಎಯ) 69 ಜಾಗಗಳಲ್ಲಿ ಸಂಬಂಧ ಸಿಕ್ತು. ಒಂದೊಂದರ ಪ್ರಭಾವನೂ ಚೂರೇ ಚೂರು, ಅದೂ ಯುರೋಪಿಯನ್ ಮೂಲದವರ ಡೇಟಾ, ನಮ್ಮ ಮಕ್ಕಳಿಗೆ ಹಾಗೇ ಅನ್ವಯಿಸೋಕೆ ಬರಲ್ಲ. ಆಮೇಲೆ ಏನಾಯ್ತು ಗೊತ್ತಾ, 2023ರಲ್ಲಿ ಪಾಶ್ಚಾತ್ಯ ಸಂಗೀತದ ಮಹಾನ್ ರಚನೆಕಾರ ಬೀಥೋವನ್ ಕೂದಲಿಂದ ಅವರ ಜೀನೋಮ್ ಓದಿದ್ರಲ್ಲ, ಅದನ್ನ ತಗೊಂಡು 2024ರಲ್ಲಿ ಕೆಲವು ಸಂಶೋಧಕರು ಡಿಎನ್‌ಎ ಪ್ರಕಾರ ತಾಳಜ್ಞಾನ ಎಷ್ಟಿರ್ಬೇಕು ಅನ್ನೋ ಸ್ಕೋರ್ ಲೆಕ್ಕ ಹಾಕಿದ್ರು. ನೂರು ಜನರನ್ನ ಸಾಲಾಗಿ ನಿಲ್ಲಿಸಿದ್ರೆ ಬೀಥೋವನ್ ಕೆಳಗಿನಿಂದ ಸುಮಾರು 9ರಿಂದ 11ನೇ ಜಾಗ! ಬೀಥೋವನ್! ಒಬ್ಬ ವ್ಯಕ್ತಿಯ ಪ್ರತಿಭೆನ ಇಂಥ ಸ್ಕೋರಿಂದ ಹೇಳೋಕಾಗಲ್ಲ ಅಂತ ತೋರಿಸೋದಕ್ಕೇ ಅವರು ಈ ಲೆಕ್ಕ ಮಾಡಿದ್ದು. ಈ ರಿಪೋರ್ಟ್ ಬರೆದುಕೊಟ್ಟವರ ಕೈಗೆ ಆ ಕೂದಲು ಸಿಕ್ಕಿದ್ರೆ ಅದರ ಮೇಲೂ ಕೆಂಪು ಬಣ್ಣನೇ ಬೀಳ್ತಿತ್ತು.

ಇನ್ನೊಂದು, ಕ್ಲೋನ್ ಅಂದ್ರೆ ಕಾಪಿ ಅನ್ನೋದೂ ಪೂರ್ತಿ ಸರಿ ಇಲ್ಲ. 2001ರ ಕೊನೇಲಿ ಟೆಕ್ಸಾಸಲ್ಲಿ ಸಿಸಿ ಅನ್ನೋ ಬೆಕ್ಕನ್ನ ಕ್ಲೋನ್ ಮಾಡಿದ್ರು, ಮೂಲ ಬೆಕ್ಕು ಮೂರು ಬಣ್ಣದ್ದು, ಸಿಸಿ ಮೈಮೇಲೆ ಆ ಕೇಸರಿ ಬಣ್ಣ ಬರ್ಲೇ ಇಲ್ಲ. ಮೈಬಣ್ಣಕ್ಕೇ ಗ್ಯಾರಂಟಿ ಇಲ್ಲದೇ ಇರೋವಾಗ ವೀಣೆಗೆ ಯಾರು ಕೊಡ್ತಾರೆ?

ಆಪೆರಾ ಬಗ್ಗೆ ನಂಗೊಂದು ತಕರಾರೂ ಇದೆ, ಅದನ್ನೂ ಹೇಳ್ಬಿಡ್ತೀನಿ. ಕಾಲೇಜಲ್ಲಿ ನಾವಿಬ್ರೂ ಡಾಕಿನ್ಸ್ ಓದಿ ರಾತ್ರಿಯೆಲ್ಲಾ ಜಗಳ ಆಡಿದ್ವಿ, ನಿಂಗೆ ನೆನಪಿರ್ಬಹುದು, 1976ರ ಆ 'ದಿ ಸೆಲ್ಫಿಶ್ ಜೀನ್' ಪುಸ್ತಕದಲ್ಲಿ ಅವರು ಜೀನುಗಳ ದಬ್ಬಾಳಿಕೆ ವಿರುದ್ಧ ದಂಗೆ ಏಳೋ ಶಕ್ತಿ ಇರೋದು ಮನುಷ್ಯರಿಗೆ ಮಾತ್ರ ಅಂತಾನೂ ಬರೆದಿದ್ರು. ಆಪೆರಾ ಮುಗಿದ ಮೇಲೆ ಕಿವೀಲಿ ಉಳಿಯೋದು "ಮಷೀನ್ಸ್" ಒಂದೇ. ಒಬ್ಬ ಮನುಷ್ಯನ ಒಂದು ವಾಕ್ಯದ ಒಂದು ಪದ ಹಿಡ್ಕೊಂಡು ಅಷ್ಟು ಸಲ ಬಡಿಯೋದು ನ್ಯಾಯನಾ? ಡಿಎನ್‌ಎಯ ಒಂದು ಚೂರು ನೋಡಿ ಇಡೀ ಮಗು ಬಗ್ಗೆ ತೀರ್ಪು ಕೊಡೋದು ತಪ್ಪಾದ್ರೆ, ಒಂದು ಪದದ ಮೇಲೆ ಒಬ್ಬ ವಿಜ್ಞಾನಿ ಬಗ್ಗೆ ತೀರ್ಪು ಕೊಡೋದೂ ತಪ್ಪೇ ಅಲ್ವಾ. ಎಲ್ಲಾ ಜೀನಿಂದಲೇ ಅನ್ನೋದನ್ನ ಒಪ್ಪದ ಗೂಲ್ಡ್ ಥರದ ಬೇರೆ ದನಿಗಳನ್ನೂ ಹಾಕಿದಾರೆ ನಿಜ, ಆದ್ರೂ ಎಡಿಟಿಂಗಲ್ಲಿ ರೈಶ್ ಒಲವು ಯಾವ ಕಡೆ ಅಂತ ಗೊತ್ತಾಗತ್ತೆ. ಕೊನೆಯ ಭಾಗದಲ್ಲಿ ಎಂಐಟಿಯ ಕಿಸ್ಮೆಟ್ ಅನ್ನೋ ರೋಬೋ ಮುಖ ಬರತ್ತೆ, ದೊಡ್ಡ ಕಣ್ಣು, ಹುಬ್ಬು ಏರಿಸತ್ತೆ, ತುಟಿ ಬಗ್ಗಿಸತ್ತೆ. ಅದನ್ನ ನೋಡಿ ಪ್ರೀತಿ ಬರತ್ತಾ ಭಯ ಆಗತ್ತಾ ನಂಗೆ ಈಗ್ಲೂ ಹೇಳೋಕಾಗ್ತಿಲ್ಲ.

2003ರಲ್ಲಿ ನನ್‌ಸಚ್ ಕಂಪನಿ ಸಿಡಿ ಡಿವಿಡಿ ಎರಡೂ ಒಟ್ಟಿಗೆ ತಂದಿತ್ತು. ನನ್ನ ಹತ್ರ ಇರೋದನ್ನ ಕೊರಿಯರ್ ಮಾಡ್ತೀನಿ. ಬರೀ ಆಡಿಯೋ ಕೇಳ್ಬೇಡ, ಮುಖಗಳನ್ನ ನೋಡ್ಲೇಬೇಕು, ಮೊದಲೆರಡು ಕಥೆ ಆಮೇಲೆ ನೋಡಿದ್ರೂ ನಡಿಯತ್ತೆ. ನೋಡಾದ್ಮೇಲೆ ಡಾಕಿನ್ಸಿಗೆ ಅನ್ಯಾಯ ಆಗಿದೆಯಾ ಇಲ್ವಾ ಅಂತ ಬರಿ, ನೀನು ಆಗ್ಲಿಲ್ಲ ಅಂತೀಯ ಅಂತ ನನ್ನ ಊಹೆ.

ನಿನ್ನವ