ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಹೊರಟ ಮಗಳಿಗೆ

ಪುಟ್ಟೀ,

ಈ ಕಾಗದ ನಿನಗೆ ಟ್ರಂಕಿನಲ್ಲಿ, ನಿಮ್ಮಮ್ಮ ಕಟ್ಟಿಕೊಟ್ಟ ಕೋಡುಬಳೆ ಡಬ್ಬಿಯ ಕೆಳಗೆ ಸಿಗುತ್ತೆ. ಎದುರಿಗೆ ಹೇಳೋಕೆ ಹೋದರೆ ಮತ್ತೆ ಭಾನುವಾರ ರಾತ್ರಿಯ ಕಥೆಯೇ. ಅದನ್ನು ಕೆದಕೋದು ಬೇಡ, ಇಬ್ಬರಿಗೂ ನೆನಪಿದೆ. ನಾನು ಅಷ್ಟು ದನಿ ಎತ್ತಬಾರದಿತ್ತು. ಆದರೆ "ಅಣುಬಾಂಬ್ ಇರೋದಕ್ಕೇ ಅಪ್ಪ ನಾವು ನೆಮ್ಮದಿಯಾಗಿ ಮಲಗೋದು" ಅಂದೆಯಲ್ಲ, ಅದಕ್ಕೆ ನಾನಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.

ನಿನಗೆ ರಾಡಾರ್ ಮುಂದೆ ಕೂತು ಯುದ್ಧವಿಮಾನಗಳಿಗೆ ದಾರಿ ಹೇಳೋ ಫೈಟರ್ ಕಂಟ್ರೋಲರ್ ಆಗೋ ಆಸೆ. ಅದಕ್ಕೇ ನನಗೆ ಪೆಟ್ರೋವ್ ನೆನಪಾಗೋದು. ಸ್ಟಾನಿಸ್ಲಾವ್ ಪೆಟ್ರೋವ್, ಸೋವಿಯತ್ ಸೈನ್ಯದ ಲೆಫ್ಟಿನೆಂಟ್ ಕರ್ನಲ್. 1983ರ ಸೆಪ್ಟೆಂಬರ್ 26, ನಡುರಾತ್ರಿ ಕಳೆದಿದೆ, ಮಾಸ್ಕೋದ ದಕ್ಷಿಣಕ್ಕಿರೋ ಒಂದು ಬಂಕರ್‌ನಲ್ಲಿ ಡ್ಯೂಟಿ. ಇದ್ದಕ್ಕಿದ್ದ ಹಾಗೆ ಸೈರನ್ ಹೊಡೆದುಕೊಂಡಿತು. ಅಮೆರಿಕ ಕ್ಷಿಪಣಿ ಹಾರಿಸಿದೆ ಅಂತ ಉಪಗ್ರಹ ಹೇಳ್ತಿದೆ. ಮೊದಲು ಒಂದು, ಆಮೇಲೆ ಇನ್ನೂ ನಾಲ್ಕು. ಆ ತಿಂಗಳ ಮೊದಲನೇ ತಾರೀಕು ಸೋವಿಯತ್ ಫೈಟರ್ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು, ಒಂದು ಕಿಡಿ ಬಿದ್ದರೆ ಸಾಕು ಅನ್ನೋ ಹಾಗಿತ್ತು. ಪೆಟ್ರೋವ್ ಮೇಲಿನವರಿಗೆ ಫೋನ್ ಮಾಡಿ ಇದು ಸುಳ್ಳು ಅಲಾರಂ ಅಂದ. ಯುದ್ಧ ಶುರು ಮಾಡೋರು ಐದೇ ಐದು ಕ್ಷಿಪಣಿ ಕಳಿಸ್ತಾರಾ ಅನ್ನೋದು ಆತನ ಲೆಕ್ಕ. ನೆಲದ ರಾಡಾರ್‌ಗಳಲ್ಲೂ ಏನೂ ಕಾಣ್ತಿರಲಿಲ್ಲ. ಆದರೂ ಫಿಫ್ಟಿ ಫಿಫ್ಟಿ ಅನ್ನೋ ಹಾಗಿತ್ತು ಅಂತ ಎಷ್ಟೋ ವರ್ಷದ ಮೇಲೆ ಆತನೇ ಹೇಳಿದ. ಆಮೇಲೆ ಗೊತ್ತಾದದ್ದು ಏನು? ಎತ್ತರದ ಮೋಡಗಳ ಮೇಲೆ ಹೊಳೆದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಅಂದುಕೊಂಡಿತ್ತು.

ಮೋಡದ ಮೇಲಿನ ಬಿಸಿಲು, ಪುಟ್ಟಿ!

ಸರ್ವೀಸೆಲ್ಲ ಸಬ್‌ಸ್ಟೇಷನ್‌ನಲ್ಲಿ ಶಿಫ್ಟ್ ಮಾಡಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬಜರ್ ಹೊಡೀತು, ಊರಿಗೆ ಕರೆಂಟ್ ಒಯ್ಯೋ ಫೀಡರ್ ಲೈನ್ ಟ್ರಿಪ್ ಆಯ್ತು ಅಂತ ಓಡಿದರೆ ಎಷ್ಟೋ ಸಲ ಪ್ಯಾನಲ್ ಒಳಗೆ ಸತ್ತ ಹಲ್ಲಿ, ಇಲ್ಲಾ ಲೈನಿನ ಮೇಲೆ ತೆಂಗಿನ ಗರಿ. ಲೈನ್‌ಮನ್‌ನ ಕಳಿಸಿ ನೋಡಿಸಿ ಮತ್ತೆ ಚಾರ್ಜ್ ಮಾಡ್ತಿದ್ದೆವು. ನಿಲ್ಲದಿದ್ದರೆ ಇನ್ನೊಮ್ಮೆ. ಹಾರಿಸಿಬಿಟ್ಟ ಕ್ಷಿಪಣಿಯನ್ನು ನಿಲ್ಲಿಸೋಕೆ, ಕರೆಂಟ್ ಕಡಿಯೋ ಬ್ರೇಕರ್‌ನಂಥದ್ದು ಎಲ್ಲಿದೆ? ಪೆಟ್ರೋವ್‌ಗೆ ಬಹುಮಾನವೂ ಸಿಗಲಿಲ್ಲ, ಲಾಗ್ ಬುಕ್ ಬರೆದಿಲ್ಲ ಅಂತ ಬೈಸಿಕೊಂಡ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಇಂಟರ್‌ಕಾಮ್, ಮೂರನೇ ಕೈ ಎಲ್ಲಿಂದ ತರಲಿ ಅಂದನಂತೆ. ಅದನ್ನು ಓದಿ ನಾನು ನಕ್ಕಿದ್ದು ಕೇಳಿ ನಿಮ್ಮಮ್ಮ ಅಡುಗೆಮನೆಯಿಂದ ಬಂದು ನೋಡಿದಳು.

ಅದು ರಷ್ಯಾ, ಹಳೇ ಕಾಲ ಅನ್ನಬೇಡ. 2022ರ ಮಾರ್ಚ್ 9ರ ಸಂಜೆ ನಮ್ಮದೇ ಬ್ರಹ್ಮೋಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಎರಡು ದಿನದ ಮೇಲೆ ಸರ್ಕಾರ ಒಪ್ಪಿಕೊಂಡಿತು, ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳು ವಜಾ ಆದರು. ಅವತ್ತು ಗಡಿಯಾಚೆಗೂ ಯಾರೋ ಪರದೆ ನೋಡ್ತಾ ಕೂತಿದ್ದರಲ್ಲ, ಅವರು ಆತುರಪಟ್ಟಿದ್ದರೆ? ಅಮೆರಿಕದಿಂದ ಕ್ಷಿಪಣಿ ಬಂದು ಮುಟ್ಟೋಕೆ ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು. ಲಾಹೋರ್‌ಗೂ ಅಮೃತಸರಕ್ಕೂ ಇರೋದು ಐವತ್ತು ಕಿಲೋಮೀಟರ್. ನಿನ್ನ ಪಾಲಿಗೆ ಕೆಲವೇ ನಿಮಿಷ.

ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಡುರಾತ್ರಿ ಎಬ್ಬಿಸಿ ಲೆಕ್ಕ ಕೇಳಿದರೂ ತಪ್ಪದೆ ಹೇಳೋಳು ನೀನು. ಹಾಲಿನ ಡೈರಿ ಮುಂದೆ ನಿಂತು ಯಾರ್ಯಾರ ಹತ್ತಿರ ನಿನ್ನ ವಿಷಯ ಹೇಳ್ಕೊಂಡಿದೀನಿ ಅಂತ ನಿನಗೆ ಗೊತ್ತಿಲ್ಲ. ಆದರೆ ಒಬ್ಬರ ತಲೆ ಆ ಹೊತ್ತಿಗೆ ತಣ್ಣಗಿದ್ದರೆ ಮಾತ್ರ ಊರೂರು ಉಳಿಯೋದು ಅನ್ನೋದಾದರೆ ಅದನ್ನು ರಕ್ಷಣೆ ಅಂತ ಹೇಗೆ ಕರೀಲಿ?

"ನಾವು ಬಿಟ್ಟರೆ ಅವರು ಬಿಡ್ತಾರಾ" ಅಂತೀಯ. ನಾವೊಬ್ಬರೇ ಬಿಡೋಣ ಅಂದಿಲ್ಲ. ಎಲ್ಲರೂ ಒಟ್ಟಿಗೆ, ಒಬ್ಬರದನ್ನು ಇನ್ನೊಬ್ಬರು ಎಣಿಸಿ ನೋಡಿಕೊಂಡು. ರಾಸಾಯನಿಕ ಅಸ್ತ್ರದ ವಿಷಯದಲ್ಲಿ ಇದನ್ನೇ ಮಾಡಿದ್ದೇವೆ. ನಮ್ಮ ಹತ್ತಿರ ಇದೆ ಅಂತ 1997ರಲ್ಲಿ ಭಾರತ ತಾನೇ ಹೇಳಿ, ಅಂತಾರಾಷ್ಟ್ರೀಯ ತಪಾಸಕರನ್ನು ಒಳಗೆ ಬಿಟ್ಟುಕೊಂಡು, 2009ರ ಹೊತ್ತಿಗೆ ಅಷ್ಟನ್ನೂ ನಾಶ ಮಾಡಿತು. ಪಾಕಿಸ್ತಾನವೂ ಅದೇ ಒಪ್ಪಂದದಲ್ಲಿದೆ. ಅದರಿಂದ ನಮ್ಮ ಸೈನ್ಯ ಸೊರಗಿತಾ? ದಕ್ಷಿಣ ಆಫ್ರಿಕಾ ತಾನು ಮಾಡಿಟ್ಟುಕೊಂಡಿದ್ದ ಆರು ಅಣುಬಾಂಬನ್ನು ತಾನೇ ಬಿಚ್ಚಿಹಾಕಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 70,000 ಅಣು ಸಿಡಿತಲೆಗಳಿದ್ದವು, ಈಗ ಸುಮಾರು 12,000. 1988ರಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಗೆ ಹೋಗಿ, 2010ರೊಳಗೆ ಎಲ್ಲ ದೇಶಗಳ ಅಣ್ವಸ್ತ್ರ ಇಲ್ಲವಾಗಿಸೋ ಯೋಜನೆ ಮುಂದಿಟ್ಟರು. ಹತ್ತೇ ವರ್ಷಕ್ಕೆ ಪೋಖ್ರಾನ್‌ನಲ್ಲಿ ನಾವೇ ಬಾಂಬ್ ಸಿಡಿಸಿದೆವು. 2017ರಲ್ಲಿ 122 ದೇಶಗಳು ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಹೂಂ ಅಂದಾಗ, ಬಾಂಬ್ ಇರೋ ಒಂಬತ್ತು ದೇಶಗಳಲ್ಲಿ ಒಂದೂ ಆ ಮಾತುಕತೆಗೆ ಬರಲಿಲ್ಲ. ನಾವೂ ಹೋಗಲಿಲ್ಲ.

ನೋಡು, ಭಾಷಣ ಆಗೇಹೋಯ್ತು. ಕೆಲಸ ಬಿಡು ಅಂತ ಹೇಳ್ತಿಲ್ಲ, ಚೆನ್ನಾಗಿ ಕಲಿ. ಅಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಮಾತಾಡೋ ಹಾಗಿಲ್ಲ ಅಂತಲೂ ಗೊತ್ತು. ನನ್ನ ಮಾತು ಒಪ್ಪಲೇಬೇಕು ಅಂತಿಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಬರಿ: ಅವತ್ತು ಪೆಟ್ರೋವ್ ಕುರ್ಚಿಯಲ್ಲಿ, ಉಪಗ್ರಹ ಹೇಳಿದ್ದನ್ನು ಹಾಗೇ ಮೇಲಕ್ಕೆ ಮುಟ್ಟಿಸೋ, ನಿಯಮ ಒಂದಕ್ಷರ ಮೀರದ ಅಧಿಕಾರಿ ಕೂತಿದ್ದರೆ? ಕಾಗದದಲ್ಲೇ ಬರಿ, ವಾಟ್ಸಾಪ್‌ನಲ್ಲಿ ಹೆಬ್ಬೆರಳು ಕಳಿಸಿದರೆ ನಡೆಯಲ್ಲ. ಹೊಸ ಬೂಟು ಕಚ್ಚಿದರೆ ಕೊಬ್ಬರಿ ಎಣ್ಣೆ ಹಚ್ಚು, ಬಾಟಲಿ ಚಿಕ್ಕ ಬ್ಯಾಗಿನ ಹೊರ ಜೇಬಲ್ಲಿದೆ.

ನಿನ್ನ ಅಪ್ಪ